ಚಾಮುಂಡೇಶ್ವರಿಯ ನೋವನ್ನು ನಂಬಿದವರು

ಮೈಸೂರಿನ ಬೋಗಾದಿಯ ಚಾಮುಂಡೇಶ್ವರಿಗೆ ಬೆಳಗಾಗುತ್ತದೆ ಎಂದರೇ ಭಯ. ನಿದ್ದೆ ಮಾಡಿದವರೆಲ್ಲ ಸುಧಾರಿಸಿಕೊಂಡು ಏಳುತ್ತಾರೆ. ಈಕೆ ಎದ್ದಾಗ ಎರಡೂ ಕೈಯ ಬೆರಳುಗಳು ಸೆಟೆದುಕೊಂಡಿರುತ್ತಿದ್ದವು. ಮಣಿಕಟ್ಟು ಊದಿ ಬೆಚ್ಚಗಾಗಿರುತ್ತಿತ್ತು. ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯಬೇಕಾಗಿತ್ತು.

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಬಡಾವಣೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರಿಗೆ ಆಕೆ ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುತ್ತಿದ್ದಳು. ದಿನಾ ಬೆಳಿಗ್ಗೆ ರಾಶಿ ಚಪಾತಿ ಲಟ್ಟಿಸಬೇಕು. ಗಂಡ ಬೀರೇಶ್ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಅತ್ತೆ ಮಾದೇವಮ್ಮ ಇದು ಶೀತದ ನೋವೆಂದು ಹರಳೆಣ್ಣೆ ಕಾಯಿಸಿ ತಿಕ್ಕಿದರು. ಎಣ್ಣೆ ಆರುವಷ್ಟರಲ್ಲಿ ನೋವು ಮತ್ತೆ ಬರುತ್ತಿತ್ತು.

ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ ಶುರುವಾಯಿತು. ಒಂದು ನುಂಗಿದರೆ ನಾಲ್ಕು ಗಂಟೆ ಆರಾಮ. ಚೀಟಿಯಿಲ್ಲ, ಡಾಕ್ಟರಿಲ್ಲ. ಹೀಗೇ ಆರು ತಿಂಗಳು ನಡೆಯಿತು. ಒಂದು ದಿನ ಆ ಮಾತ್ರೆಗಳಿಂದಲೇ ಹೊಟ್ಟೆ ಉರಿದು ರಕ್ತ ವಾಂತಿಯಾದಾಗ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಒಂದು ಬಗೆಯ ಸಂಧಿವಾತ ಎಂದರು. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಬೇರು ಸಮೇತ ಹೋಗುವ ಕಾಯಿಲೆಯಲ್ಲ, ಆದರೆ ಸರಿಯಾದ ಔಷಧಿಯಿಂದ ಹಿಡಿತದಲ್ಲಿಡಬಹುದು, ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು ಎಂದು ತಿಳಿಸಿ ಹೇಳಿದರು.

ಮನೆಯಲ್ಲಿ ಯಾರಿಗೂ ಆ ಮಾತು ಪೂರ್ತಿ ಇಳಿಯಲಿಲ್ಲ. ಡಾಕ್ಟರು ಕೊಟ್ಟ ಔಷಧಿ ಶುರುವಾಗಿ ಮೂರು ವಾರ ಕಳೆದರೂ ನೋವು ಕಡಿಮೆಯಾಗದಿದ್ದಾಗ ಬೀರೇಶ್‌ಗೆ ಬೇಸರ ಬಂತು.

"ಮಧ್ಯಾಹ್ನ ಚೆನ್ನಾಗೇ ಓಡಾಡ್ತೀಯ. ಬೆಳಗ್ಗೆ ಕೆಲಸದ ಹೊತ್ಗೆ ಮಾತ್ರ ಎಂಗೆ ಬತ್ತದೆ ನೋವು?" ಎಂದುಬಿಟ್ಟ.

ಅಂದಿನಿಂದ ಆಕೆ ಡಾಕ್ಟರು ಕೊಟ್ಟ ಮಾತ್ರೆ ನುಂಗುವುದನ್ನೇ ಬಿಟ್ಟಳು.

ಮುಂದಿನ ರಕ್ತ ಪರೀಕ್ಷೆಗೆ ಹೋಗಲು ಮನಸ್ಸಿರಲಿಲ್ಲ. ಮತ್ತೆ ರಕ್ತ ವಾಂತಿಯಾದೀತೆಂಬ ಭಯಕ್ಕೆ ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದವರು ಪ್ರೇಮಲೀಲಾ, ನಡುವಯಸ್ಸಿನ ಶಾಲಾ ಟೀಚರು. ಚಾಮುಂಡೇಶ್ವರಿ ಚೀಟಿಯನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಒತ್ತಿಕೊಂಡಿದ್ದನ್ನು ಅವರು ನೋಡಿದರು.

"ಬೆಳಗ್ಗೆ ಎದ್ಮೇಲೆ ಬೆರಳು ಸಡಿಲ ಆಗೋಕೆ ಎಷ್ಟೊತ್ತು ಬೇಕು ನಿಮ್ಗೆ?" ಎಂದು ಮೆಲ್ಲಗೆ ಕೇಳಿದರು.

ಇಷ್ಟು ದಿನದಲ್ಲಿ ಮನೆಮಂದಿಯಾಗಲಿ ನೆರೆಯವರಾಗಲಿ ಈ ಪ್ರಶ್ನೆ ಕೇಳಿರಲಿಲ್ಲ. ಚಾಮುಂಡೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

ಪ್ರೇಮಲೀಲಾ ಅವರಿಗೆ ಇದೇ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಕೀಲುನೋವಿನ ಹದಿನೈದು ಜನ ಸೇರಿ ತಿಂಗಳ ಎರಡನೇ ಭಾನುವಾರ ತಮ್ಮ ಶಾಲೆಯ ಕೋಣೆಯೊಂದರಲ್ಲಿ ಕೂರುತ್ತೇವೆ, ನೀವೂ ಬನ್ನಿ ಎಂದು ಕರೆದರು.

"ನಂದೇ ನಂಗೆ ತಡ್ಕೊಳ್ಳೋಕಾಯ್ತಿಲ್ಲ ಟೀಚರ್. ಇನ್ನೊಬ್ರ ನೋವು ಬೇರೆ ಕೇಳ್ಬೇಕಾ?"

"ಸುಮ್ನೆ ಬಂದು ಕೂತ್ಕೊಳ್ಳಿ ಸಾಕು. ಮಾತಾಡ್ಲೇಬೇಕು ಅಂತೇನಿಲ್ಲ ಕಣಮ್ಮ. ಆದ್ರೆ ಮನೆಯಿಂದ ಒಬ್ರನ್ನ ಜೊತೇಲಿ ಕರ್ಕೊಂಡು ಬನ್ನಿ."

ಆ ಭಾನುವಾರ ಬೀರೇಶ್ ಬಂದದ್ದು ಹೆಂಡತಿಯನ್ನು ಮೊಪೆಡ್‌ನಲ್ಲಿ ಬಿಟ್ಟುಹೋಗಲು. ಟೀಚರು ಒಳಗೆ ಕರೆದರೆಂದು ಸಂಕೋಚದಿಂದ ಹಿಂದಿನ ಬೆಂಚಿನಲ್ಲಿ ಕುಳಿತ. ಆಗ ಮಾತನಾಡುತ್ತಿದ್ದವರು ಮೃತ್ಯುಂಜಯ. ಕಡಕೊಳದ ಕಾರ್ಖಾನೆಯಲ್ಲಿ ಯಂತ್ರ ನಡೆಸುವವರು, ಎತ್ತರದ ಗಟ್ಟಿಮುಟ್ಟಾದ ಆಳು. ಬೆಳಿಗ್ಗೆ ತಮ್ಮ ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕಾಗಿತ್ತು ಎಂದು ತಲೆ ತಗ್ಗಿಸದೆ ಹೇಳಿದರು. ಜೊತೆಗಾರರು ಸೋಮಾರಿ ಎಂದು ಆಡಿಕೊಂಡಾಗ ಕಕ್ಕಸಿನ ಬಾಗಿಲು ಹಾಕಿಕೊಂಡು ಅತ್ತಿದ್ದನ್ನೂ ಹೇಳಿದರು.

"ಮಧ್ಯಾಹ್ನದ ಹೊತ್ಗೆ ಕೈ ಆಡೋಕೆ ಶುರುವಾಯ್ತದಲ್ಲ, ಅದಕ್ಕೇ ಯಾರೂ ನಂಬಲ್ಲ ಕಣ್ರೀ. ಈ ಕಾಯಿಲೆ ಗುಣಾನೇ ಅದು. ಬೆಳಗ್ಗೆ ಕಟ್ಟಾಕ್ತದೆ, ಹೊತ್ತೇರ್ತಾ ಬಿಡ್ತದೆ."

ಬೀರೇಶ್ ಹೆಂಡತಿಯ ಕೈಗಳ ಕಡೆ ನೋಡಿದ. ಸಭೆ ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಹಿಂತಿರುಗುವಾಗ ಕುಕ್ಕರಹಳ್ಳಿ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದ.

"ನಾನು ನಂಬ್ಲಿಲ್ಲ ಕಣೇ ನಿನ್ನ. ತಪ್ಪಾಯ್ತು," ಎಂದ.

ಮಾರನೆಯ ದಿನವೇ ಎಲ್ಲ ಸರಿಹೋಯಿತು ಎಂದಲ್ಲ. ಮಾತ್ರೆ ಬಿಟ್ಟದ್ದನ್ನು ಡಾಕ್ಟರಿಗೆ ಒಪ್ಪಿಕೊಂಡು ಮತ್ತೆ ಶುರುಮಾಡಿದಳು. ಮೊದಲ ತಿಂಗಳು ಹೊಟ್ಟೆ ತೊಳಸಿದಾಗ ಪ್ರೇಮಲೀಲಾ ಎಸ್‌ಟಿಡಿ ಬೂತಿನಿಂದ ಚಾಮುಂಡೇಶ್ವರಿಯ ಪಕ್ಕದ ಮನೆಗೆ ಫೋನ್ ಮಾಡಿ, ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಎಂದು ಧೈರ್ಯ ಹೇಳಿದರು. ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಬಿಡಿಸುವುದನ್ನು ಮೃತ್ಯುಂಜಯ ತೋರಿಸಿಕೊಟ್ಟರು. ಮೊದಲ ಪಾಳಿ ಇಲ್ಲದ ದಿನ ಬೀರೇಶನೇ ಹಿಟ್ಟು ಕಲಸಿದ. ಎಣ್ಣೆಯೊಂದನ್ನೇ ನಂಬಿದ್ದ ಮಾದೇವಮ್ಮ ಮೂರನೇ ಸಭೆಗೆ ತಾವೂ ಬಂದರು. ಬಂದವರು ಅಲ್ಲಿದ್ದ ಇನ್ನೊಬ್ಬ ಅತ್ತೆಗೆ, "ಸೊಸೆ ನಾಟ್ಕ ಆಡ್ತಾಳೆ ಅನ್ಕಂಡಿದ್ದೆ ಕಣವ್ವ, ನಾನೇ ತಿಳೀದೋಳು" ಎಂದು ಹೇಳಿಕೊಂಡರು.

ನಾಲ್ಕನೇ ತಿಂಗಳಿಗೆ ಊತ ಇಳಿಯಿತು. ಆಮೇಲೂ ಕೆಲವು ದಿನ ನೋವು ಹೆಚ್ಚುತ್ತಿತ್ತು. ಆ ದಿನ ಚಪಾತಿಯ ಬದಲು ಅನ್ನ, ಸಾರು ಹೋಗುತ್ತಿತ್ತು, ಹುಡುಗರು ಬೇಡವೆನ್ನುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಅದೇ ಕೋಣೆಯಲ್ಲಿ ಚಾಮುಂಡೇಶ್ವರಿ ಮೊದಲ ಸಲ ಎದ್ದು ನಿಂತು ಮಾತಾಡಿದಳು.

"ನೋವು ಪೂರ್ತಿ ಹೋಗಿಲ್ಲ. ಆದ್ರೆ ನೋವದೆ ಅಂತ ದಿನಾ ಸಾಬೀತು ಮಾಡೋ ಕಷ್ಟ ಹೋಯ್ತು. ಔಷಧಿ ಕೊಟ್ಟ ಡಾಕ್ಟರಿಗೂ, ನನ್ನ ನಂಬಿದ ನಿಮಗೂ ಕೈ ಮುಗೀತೀನಿ," ಎಂದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೆಳಿಗ್ಗೆ ಎದ್ದ ಮೇಲೆ ಕೈಕಾಲಿನ ಕೀಲು ಒಂದು ಗಂಟೆಯಾದರೂ ಸಡಿಲವಾಗದಿದ್ದರೆ, ಊತ ವಾರಗಟ್ಟಲೆ ಉಳಿದರೆ, ಡಾಕ್ಟರ ಬಳಿ ಹೋಗಿ. ಬೇಗ ಹೋದಷ್ಟೂ ಕೀಲುಗಳು ಉಳಿಯುತ್ತವೆ. ಅಂಗಡಿಯ ಮಾತ್ರೆಯಲ್ಲಿ ದಿನ ದೂಡಬೇಡಿ. ಶುರುಮಾಡಿದ ಔಷಧಿಯನ್ನು ನೀವಾಗಿಯೇ ಬಿಡಬೇಡಿ. ನಿಮ್ಮ ಹಾಗೇ ನೋಯುತ್ತಿರುವವರು ಪಕ್ಕದ ಬೀದಿಯಲ್ಲೇ ಇರಬಹುದು, ಹುಡುಕಿ ಮಾತಾಡಿಸಿ, ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತುಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರಾದರೂ ನೋವು ಎಂದರೆ, ಮೊದಲು ನಂಬಿ.