ನೂಲಿಲ್ಲದ ಗಾಡಿ

ಗಾಡಿ ಸರಕ್ಕನೆ ಎಡದಿಂದ ಬಲಕ್ಕೆ ಹೋಯಿತು; ಬೆಳಿಗ್ಗೆಯಿಂದ ಹೆಣೆದಿದ್ದ ನೀಲಿ ಬಟ್ಟೆಯಷ್ಟೂ ಸೂಜಿಗಳಿಂದ ಕಳಚಿ ಟೀಚರಮ್ಮನ ಮಡಿಲಿಗೆ ಬಿತ್ತು. ಸೂಜಿಗಳ ಸಾಲಿನ ಮೇಲೆ ಓಡಾಡುವ ಈ ಗಾಡಿಯ ಬಾಯಿಗೆ ನೂಲು ಕೊಡದೆ ಓಡಿಸಿದರೆ ಹೆಣಿಗೆ ಯಂತ್ರ ಮಾಡುವುದೇ ಹೀಗೆ: ಹಳೆಯ ಕುಣಿಕೆಗಳನ್ನು ಬಿಡುತ್ತದೆ, ಹೊಸದನ್ನು ಹಿಡಿಯುವುದಿಲ್ಲ. ಇದೊಂದನ್ನು ಮಾತ್ರ ಮಾಡಬೇಡಿ ಎಂದು ಕಲಿಯುವವರಿಗೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಟೀಚರಮ್ಮ ತಾನೇ ಅದನ್ನು ಮಾಡಿದ್ದಳು.

ಹೇಳಿದ್ದಾದರೂ ಯಾರಿಗೆ ಕೇಳಿಸಿತ್ತೋ. ಕೂದಲು ನರೆಯುವವರೆಗೆ ಸ್ವೆಟರ್ ಕಾರ್ಖಾನೆಯ ಗದ್ದಲದಲ್ಲಿ ಗಾಡಿ ಎಳೆದವಳು. ಅಲ್ಲಿ ಮಾತಿನ ಅಗತ್ಯವೇ ಇರಲಿಲ್ಲ. ತಾವೇ ಓಡುವ ಯಂತ್ರಗಳು ಬಂದು ಕಾರ್ಖಾನೆಗೆ ಅವಳು ಬೇಡವಾದ ಮೇಲೆ ಹೆಣಿಗೆ ಕಲಿಸಲು ಈ ತರಬೇತಿ ಕೇಂದ್ರ ಸೇರಿದ್ದಳು. ಕೈಗೆ ಬರುತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಕೋಣೆ ತುಂಬ ಇದ್ದ ಹೆಂಗಸರು ಹೇಳದೆ ಕೇಳದೆ ಒಬ್ಬೊಬ್ಬರಾಗಿ ಜಾರಿಕೊಂಡು, ಈಗ ಒಬ್ಬ ತಾಯಿ, ಅವಳ ಮಗಳು, ಕೆಲಸದಿಂದ ನಿವೃತ್ತಳಾದ ಬಸ್ ಕಂಡಕ್ಟರಮ್ಮ ಮಾತ್ರ ಉಳಿದಿದ್ದರು. ಜನ ಸೇರದಿದ್ದರೆ ತರಗತಿ ಮುಚ್ಚುವುದೇ ಸರಿ ಎಂದು ಮೇಲ್ವಿಚಾರಕರು ಮೆತ್ತಗೆ ಹೇಳಿ ಹೋಗಿದ್ದರು. ಅವರು ಕೆಟ್ಟ ಸುದ್ದಿಯನ್ನೆಲ್ಲ ಮೆತ್ತಗೇ ಹೇಳುತ್ತಿದ್ದರು.

ಮಡಿಲಲ್ಲಿ ಬಿದ್ದ ಬಟ್ಟೆಯನ್ನು ಎಲ್ಲರೂ ನೋಡಿದರು.

"ಪ್ಯಾಸೆಂಜರ್ ಹತ್ತೋಕೆ ಮುಂಚೇನೇ ರೈಟ್ ಅಂದ್ಬಿಟ್ರಲ್ಲ, ಟೀಚರೇ," ಎಂದಳು ಕಂಡಕ್ಟರಮ್ಮ.

ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಬಾಯಿಂದಲೇ ಮಾತೂ ಬಂತು: "ಬಿದ್ರೆ ಬೀಳ್ಲಿ ಬಿಡಿ. ಮತ್ತೆ ಹಾಕೋಣ." ಅದು ಎದುರಿನ ಗೋಡೆಯವರೆಗೂ ಹೋಗಿ ಮುಟ್ಟಿದ್ದು ಕೇಳಿ ಅವಳೇ ಬೆಚ್ಚಿದಳು.

ಅಂದು ಅವಳು ಎಲ್ಲರ ಕೈಯಲ್ಲೂ ಬೇಕೆಂದೇ ಬಟ್ಟೆ ಬೀಳಿಸಿದಳು. ಬಿದ್ದ ಕುಣಿಕೆಗಳನ್ನು ಒಂದೊಂದಾಗಿ ಸೂಜಿಗೆ ಏರಿಸುವುದನ್ನು ಹೇಳಿಕೊಟ್ಟಳು. ಬೀಳಿಸುವ ಭಯ ಹೋದ ಮೇಲೆ ಕೈಗಳು ಸಡಿಲವಾದವು. ಅವಳ ನಾಲಿಗೆ ಅದಕ್ಕಿಂತ ಹೆಚ್ಚು. ಗದರಿದಳು, ಛೇಡಿಸಿದಳು, ಕಂಡಕ್ಟರಮ್ಮನ ಮಫ್ಲರು ಒಂದು ತುದಿಯಲ್ಲಿ ಹಾವು, ಇನ್ನೊಂದು ತುದಿಯಲ್ಲಿ ಹಾಸಿಗೆ ಎಂದು ತೀರ್ಪು ಕೊಟ್ಟಳು.

ಆದರೆ ಹೊಸಬರು ಯಾರೂ ಬರಲಿಲ್ಲ. ನೂಲಿಗಿಂತ ಅಗ್ಗಕ್ಕೆ ಸ್ವೆಟರೇ ಬೀದಿಯಲ್ಲಿ ರಾಶಿ ಬಿದ್ದಿರುವಾಗ ಬರುವುದಾದರೂ ಯಾಕೆ? ಮಗಳಿಗೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮಗಳಿಲ್ಲದೆ ತಾಯಿಯೂ ಬರಲಿಲ್ಲ. ಹಲ್ಲು ಬಂದಾಗ ಕಡಲೆ ಇರುವುದಿಲ್ಲ ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಟೀಚರಮ್ಮ ಉಳಿದೊಬ್ಬ ಕಂಡಕ್ಟರಮ್ಮನಿಗೆ ಕೋಣೆ ತುಂಬ ಜನರಿರುವಂತೆ ಗಟ್ಟಿಯಾಗಿ ಪಾಠ ಹೇಳಿದಳು.

ಮೇಲ್ವಿಚಾರಕರು ಹಮಾಲಿಗಳನ್ನು ಕರೆದುಕೊಂಡು ಬಂದದ್ದು ಕಂಡಕ್ಟರಮ್ಮ ಎರಡನೆಯ ಮಫ್ಲರಿನ ನಡುವೆ ಇದ್ದಾಗ. ಅವಳು ಯಾರನ್ನೂ ನೋಡದೆ ಚೀಲ ಹೆಗಲಿಗೇರಿಸಿ ಎದ್ದು ಕಿಟಕಿಯ ಬಳಿ ನಿಂತಳು. ಒಂದೊಂದೇ ಯಂತ್ರ ಬಾಗಿಲು ದಾಟತೊಡಗಿತು.

"ಈಗೀಗ ತುಂಬ ಚೆನ್ನಾಗಿ ಕಲಿಸ್ತಿದ್ರಂತೆ," ಎಂದರು ಮೇಲ್ವಿಚಾರಕರು ಮೆತ್ತಗೆ. ಟೀಚರಮ್ಮನ ಮುಖ ನೋಡಲಾಗದೆ, ಕೈಗೆ ಏನಾದರೂ ಕೆಲಸ ಬೇಕಾಗಿ, ಕೊನೆಯ ಯಂತ್ರದ ಗಾಡಿಯನ್ನು ಸುಮ್ಮನೆ ಆಚೆಗೆ ತಳ್ಳಿದರು. ಕಿಟಕಿಯ ಬಳಿಗೆ ಎದ್ದು ಹೋಗುವಾಗ ಕಂಡಕ್ಟರಮ್ಮ ನೂಲನ್ನು ಗಾಡಿಯ ಬಾಯಿಂದ ತೆಗೆದಿದ್ದಳು. ಅರ್ಧ ಮಫ್ಲರು ಅವರ ಬೂಟಿನ ಮೇಲೆ ಬಿತ್ತು.

ಅವರು ಕೈ ಹಿಂದಕ್ಕೆಳೆದುಕೊಂಡರು.

"ಬಿದ್ರೆ ಬೀಳ್ಲಿ ಬಿಡಿ, ಸಾರ್," ಎಂದಳು ಟೀಚರಮ್ಮ. "ಕೂತ್ಕೊಳ್ಳಿ. ಮೊದ್ಲು ಕುಣಿಕೆ ಏರಿಸಿ, ಆಮೇಲೆ ನೂಲು."

ಯಾಕೆಂದು ತಿಳಿಯದೆ ಅವರು ಕೂತರು. ಅವಳು ಹೇಳುತ್ತ ಹೋದಳು, ಅವರು ಏರಿಸುತ್ತ ಹೋದರು. ಹಮಾಲಿಗಳು ಬಾಗಿಲಲ್ಲಿ ಬೀಡಿ ಸೇದುತ್ತ ಕಾದರು. ಗಾಡಿ ಒಮ್ಮೆ ಆಚೆ ಹೋಯಿತು, ಒಮ್ಮೆ ಈಚೆ ಬಂತು. ಬಟ್ಟೆ ಬೀಳದೆ ನಿಂತಿತು. ಮೇಲ್ವಿಚಾರಕರು ಮೆಲ್ಲಗೆ ನಕ್ಕು, ಆಮೇಲೆ ನೆನಪಾದವರಂತೆ ಎದ್ದು ಪಕ್ಕಕ್ಕೆ ಸರಿದರು.

ಹಮಾಲಿಗಳು ಯಂತ್ರವನ್ನು ಬಟ್ಟೆಯ ಸಮೇತ ಎತ್ತಿ ಮೆಟ್ಟಿಲಿಳಿದರು. ನೂಲು ಕತ್ತರಿಸುವುದು ಯಾರಿಗೂ ಹೊಳೆಯಲಿಲ್ಲ. ಖಾಲಿ ಕೋಣೆಯ ನೆಲದ ಮೇಲೆ ನೀಲಿ ನೂಲಿನ ಉಂಡೆ ತನ್ನಷ್ಟಕ್ಕೆ ಉರುಳುತ್ತ, ಚಿಕ್ಕದಾಗುತ್ತ ಇತ್ತು.