ಸೆರಗಿನ ಒಂದು ಎಳೆ

ಆ ಮುಂಜಾನೆ ಹಿರೇಹಡಗಲಿಯ ಮೇಲೆ ಮೋಡ ಮುಸುಕಿ, ಮಳೆಯೂ ಅಲ್ಲದ ಬಿಸಿಲೂ ಅಲ್ಲದ ಥಂಡಿ ಗಾಳಿ ಬೀಸುತ್ತಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಪುಷ್ಪಲತಾ ಟೀಚರು ಲಿಂಗಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ಹಾಲಿನ ಪಕ್ಕೀರಮ್ಮ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಐದು ತಿಂಗಳ ಮಗಳು ಮೇಘಾ. ಗಾಳಿಗೆಂದೋ ಕಣ್ಣಿಗೆಂದೋ ಕೂಸಿನ ಮುಖಕ್ಕೆ ಸೆರಗು ಮುಚ್ಚಿತ್ತು. ಟೀಚರೇ ಕೈಚಾಚಿ ಸರಿಸಿದರು. ಕೂಸು ನಕ್ಕಿತು.

"ಫ್ಯಾಸಿನೇಟಿಂಗ್," ಅಂದರು.

"ಹಂಗಂದ್ರೇನ್ರಿ ಟೀಚರ?"

"ಕಣ್ಣು ಕೀಳಾಕ ಮನಸು ಬರದಷ್ಟು ಚೆಂದ. ಹೂವಿಗೂ ಅನಬೌದು, ಕಥಿಗೂ ಅನಬೌದು."

"ಆ ಕಣ್ಣು ಚೂರು ಕಿತ್ಕೊಂಡು ಹಾಲು ಕಾಸ್ಕೊಳ್ರಿ, ಒಡದಾವು," ಎಂದು ಪಕ್ಕೀರಮ್ಮ ನಗುತ್ತಲೇ ಮತ್ತೆ ಸೆರಗೆಳೆದಳು.

ಮೂರನೆಯ ದಿನ ಅವಳ ಅತ್ತೆ ಹುಲುಗಮ್ಮ ಬಂದಳು. ಕೂಸಿನ ಮೈ ಸುಡುತ್ತಿತ್ತು, ಮೊಲೆ ಹಿಡಿಯುತ್ತಿರಲಿಲ್ಲ.

"ಆವತ್ತು ಉಟ್ಟಿದ್ದ ಸೀರಿ ಸೆರಗಿಂದು ಒಂದು ಎಳಿ ಕೊಡ್ರಿ. ನಿವಾಳಿಸಿ ಸುಡ್ತೀನಿ."

ಯಾರ ಕಣ್ಣು ತಾಕಿತೋ ಅವರ ಬಟ್ಟೆಯ ಎಳೆ ಸುಟ್ಟರೆ ದೃಷ್ಟಿ ಇಳಿಯುತ್ತದೆಂದು ಆ ಮನೆಯವರ ನಂಬಿಕೆ. ಟೀಚರಿಗೆ ಚುಚ್ಚಿತು.

"ದಿನಾ ಲಿಂಗ ನೋಡೋ ಕಣ್ಣು ಇವು. ಇದರಾಗೇನು ವಿಷ ಐತಿ? ದವಾಖಾನಿಗೆ ಹೋಗ್ರಿ."

"ದವಾಖಾನಿಗೂ ಹೊಂಟೀವಿ. ಒಂದೆಳಿ ಕೊಟ್ರ ಸೀರಿ ಗಿಡ್ಡಾಕ್ಕತೇನ್ರಿ?"

ಕೊಟ್ಟರೆ ಒಪ್ಪಿಕೊಂಡಂತೆ. ಟೀಚರು ಕೊಡಲಿಲ್ಲ.

ಎರಡು ದಿನಕ್ಕೆ ಹಡಗಲಿಯ ದೊಡ್ಡ ದವಾಖಾನೆಯಿಂದ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದರು. ನ್ಯುಮೋನಿಯಾ ಅಂದಿದ್ದರಂತೆ. ಬೀರಪ್ಪನ ಗುಡಿಯ ಆಚೆ ಮಣ್ಣು ಮಾಡಿದರು.

ಟೀಚರ ಮನೆಗೆ ಹಾಲು ಬರುವುದು ನಿಂತಿತು. ಮನೆಯೊಡತಿ ಭರಮಮ್ಮ ಸುದ್ದಿ ತಂದಳು: "ಹುಲುಗಮ್ಮ ಸೊಸಿನ ತಂಬ್ರಹಳ್ಳಿಗೆ, ತವರಿಗೆ ಅಟ್ಟತಾಳಂತ. ಕೂಸಿನ ಮುಖ ತೆರೆದು ತೋರಿಸಿ ತಿಂದ್ಲು ಅಂತಾಳ. ಮುಚ್ಚಿದ್ನೆವ್ವಾ ಅಂತ ಸೊಸಿ ಅಂದ್ರ ಯಾರು ನಂಬ್ತಾರ?"



ಆ ವಾರ ಒಂಬತ್ತನೇ ಕ್ಲಾಸಿನ ಪಾಠದಲ್ಲಿ ಅದೇ 'ಫ್ಯಾಸಿನೇಟಿಂಗ್' ಶಬ್ದ ಬಂತು. ದಪ್ಪ ಡಿಕ್ಷನರಿ ತೆರೆದರು. ಅರ್ಥ ತಾವು ಹೇಳಿದ್ದೇ. ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಹುಟ್ಟು: ಲ್ಯಾಟಿನ್ ಭಾಷೆಯಲ್ಲಿ ಮಾಟ ಮಾಡು, ನೋಟದಿಂದ ಕಟ್ಟಿಹಾಕು. ಆ ನೋಟಕ್ಕೆ ಅಂಜಿ ರೋಮಿನವರು ಕೂಸುಗಳ ಕೊರಳಿಗೆ ತಾಯಿತ ಕಟ್ಟುತ್ತಿದ್ದರಂತೆ. ಟೀಚರು ಬಹಳ ಹೊತ್ತು ಆ ಪುಟದ ಮುಂದೆ ಕೂತರು. ತಮ್ಮ ಕಣ್ಣು ಕೂಸನ್ನು ಕೊಂದಿತೆಂದು ಅವರು ಆಗಲೂ ನಂಬಲಿಲ್ಲ. ಆದರೆ ಎಷ್ಟು ಕಾಲದಿಂದ, ಎಷ್ಟು ದೂರದಿಂದ ತಾಯಂದಿರು ಹೀಗೆ ಅಂಜುತ್ತ ಬಂದಿದ್ದಾರೆ, ಶಿವನೇ. ಹಾಗೆ ಅಂಜಿದವಳೊಬ್ಬಳು ಬಾಗಿಲಿಗೆ ಬಂದು ಕೈಚಾಚಿದಾಗ, ಲಿಂಗ ನೋಡುವ ಕಣ್ಣು ಆ ಕೈಯನ್ನು ನೋಡಲಿಲ್ಲ.

ಮರುದಿನ ಆವತ್ತು ಉಟ್ಟಿದ್ದ ಸೀರೆಯನ್ನೇ ಉಟ್ಟು ಹುಲುಗಮ್ಮನ ಮನೆಗೆ ಹೋದರು. ಪಕ್ಕೀರಮ್ಮ ಬಟ್ಟೆ ಗಂಟಿನ ಪಕ್ಕ ಕೂತಿದ್ದಳು. ಹುಲುಗಮ್ಮ ಬರ್ರಿ ಅನ್ನಲಿಲ್ಲ.

"ನಿಮ್ಮ ಸೊಸಿ ಮುಚ್ಚಿದ್ಲು ಯವ್ವಾ. ಸರಿಸಿದಾಕಿ ನಾನು."

"ಈಗ ಹೇಳಿದ್ರ ಕೂಸು ಬರ್ತೈತೇನು?"

"ಇಲ್ಲ. ಈಕಿನ ಕಳಿಸಬ್ಯಾಡ್ರಿ."

ಹುಲುಗಮ್ಮ ಸೊಸೆಯ ಕಡೆ ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದಂತೆ. ಟೀಚರು ಸೆರಗಿನ ಅಂಚಿನಿಂದ ಒಂದು ಎಳೆ ಜಗ್ಗಿ, ಮುದುಕಿಯ ಅಂಗೈಯಲ್ಲಿಟ್ಟರು.