ಬೆನ್ನಿನ ನಡುವಿನ ಹರಕು

"ಮುಚ್ಚಿ ಹೊಲೀಬೇಡ ಝುಲ್ಮೀರಾ. ಹರಕು ಹಾಗೇ ಇರ್ಲಿ, ಅಂಚು ಮಾತ್ರ ಗಟ್ಟಿ ಮಾಡು," ಎನ್ನುತ್ತಾ ಅಬೀಲಿಯೊ ತನ್ನ ಕರಿ ಹೊದಿಕೆಯನ್ನು ಅವಳ ಹೊಲಿಗೆ ಯಂತ್ರದ ಮೇಲೆ ಹರಡಿದ. "ದಿನಾ ಎತ್ತಿ ತೋರಿಸಿ ತೋರಿಸಿ ಮೇಲಕ್ಕೆ ಹರ್ಕೊಂಡು ಹೋಗ್ತಿದೆ."

"ಯಾರಿಗೆ ತೋರಿಸ್ತೀರಿ ವಕೀಲರೇ?"

ಅವನು ಕಾನೂನು ಓದಿದ್ದ, ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ಆದರೂ ಝುಲ್ಮೀರಾ ವಕೀಲರೇ ಎಂದೇ ಕರೆಯುತ್ತಿದ್ದಳು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

"ಪ್ರವಾಸಿಗಳಿಗೆ. ಅವರಿಗೆ ಕಥೆ ಬೇಕು. ಸಂಜೆ ಆರಕ್ಕೆ ಕಾರ್ಯಕ್ರಮ, ಅಷ್ಟರೊಳಗೆ ತಂದ್ಕೊಡು."

ಬಣ್ಣ ಹಾಕಿದ ಮೀಸೆಯನ್ನು ಕಿಟಕಿಯ ಗಾಜಿನಲ್ಲೊಮ್ಮೆ ನೋಡಿಕೊಂಡು ಹೊರಟುಹೋದ.

ಕೋಯಿಂಬ್ರಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೆಗಲಿಗೆ ಹಾಕಿಕೊಳ್ಳುವ ಈ ಹೊದಿಕೆಯನ್ನು ಎಂದೂ ಒಗೆಯುವುದಿಲ್ಲ. ಅದರ ಕೆಳಅಂಚನ್ನು ಬೇಕಾದವರು ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಎಡಕ್ಕೆ ಮನೆಯವರು, ಬಲಕ್ಕೆ ಗೆಳೆಯರು. ಬೆನ್ನಿನ ನಡುವೆ ಒಂದೇ ಒಂದು ಹರಕು, ಪ್ರೀತಿಸಿದವರದು. ಪ್ರೀತಿ ಮುರಿದುಬಿದ್ದರೆ ಅದನ್ನು ಎಲ್ಲರಿಗೂ ಕಾಣುವ ಹಾಗೆ, ಓದಿದ ವಿಭಾಗದ ಬಣ್ಣದ ದಾರದಲ್ಲಿ ಹೊಲಿಸಬೇಕು. ವೈದ್ಯಕೀಯದವರಿಗೆ ಹಳದಿ, ಕಾನೂನಿನವರಿಗೆ ಕೆಂಪು. ಕಣ್ಣು ಊದಿಸಿಕೊಂಡು ಬಂದ ನೂರಾರು ಹುಡುಗರಿಗೆ ಝುಲ್ಮೀರಾ ಹೊಲಿದುಕೊಟ್ಟಿದ್ದಳು. ನಲವತ್ತೊಂದು ವರ್ಷದ ಹಿಂದೆ ತಾನೇ ಕಚ್ಚಿ ಹರಿದಿದ್ದ ಹೊದಿಕೆ ಮಾತ್ರ ಅವಳ ಅಂಗಡಿಗೆ ಬಂದಿರಲಿಲ್ಲ. ಅಬೀಲಿಯೊ ಪರೀಕ್ಷೆ ಮುಗಿಸಿದ ಮೂರೇ ತಿಂಗಳಿಗೆ ನೋಟರಿಯ ಮಗಳನ್ನು ಮದುವೆಯಾದ. ಹರಕನ್ನು ಹಾಗೇ ಬಿಟ್ಟುಕೊಂಡ.

ಮಧ್ಯಾಹ್ನ ಒದೆತ್ ಬಂದಳು. ಅವಳು ಝುಲ್ಮೀರಾಳ ಚಿಕ್ಕಂದಿನ ಗೆಳತಿ. ಅಬೀಲಿಯೊ ಫಾಡೊ ಎಂಬ ದುಃಖದ ಹಾಡುಗಳನ್ನು ಹಾಡುವ ಸಭಾಂಗಣದಲ್ಲಿ ಹೋದ ವಾರದಿಂದ ಕಸ ಗುಡಿಸುತ್ತಿದ್ದಳು. ಯಂತ್ರದ ಮೇಲಿದ್ದ ಹೊದಿಕೆ ನೋಡಿ ಬಾಗಿಲಲ್ಲೇ ನಿಂತಳು.

"ಅಯ್ಯೋ, ಇಲ್ಲಿಗೇ ತಂದ್ನಾ? ಎಂಥಾ ಭಂಡ ಕಣೇ ಅವನು!"

"ಯಾಕೆ?"

"ನೀನು ಸತ್ತಿದ್ದೀಯ."

ಝುಲ್ಮೀರಾ ಸೂಜಿ ಕೆಳಗಿಟ್ಟಳು.

"ದಿನಾ ಹೇಳ್ತಾನೆ. ಈ ಹರಕು ಮಾಡಿದ ಹುಡುಗಿ ಸತ್ತುಹೋದ್ಲು, ಇನ್ನೊಬ್ಬಳನ್ನ ಮನಸ್ಸಿಗೆ ತಂದ್ಕೊಳ್ಳಲಿಲ್ಲ ಅಂತ. ಝುಲ್ಮೀರಾ ಅಂತ ಹೆಸರು ಬೇರೆ ಹೇಳ್ತಾನೆ. ಹೆಂಗಸರೆಲ್ಲ ಅಳ್ತಾರೆ. ಬಾಗಿಲಲ್ಲೇ ಹೂ ಮಾರಾಟ ಬೇರೆ, ಅದನ್ನ ಕೊಂಡ್ಕೊಂಡು ಹೋಗಿ ಮೊಂಡೇಗು ನದಿಗೆ ಹಾಕ್ತಾರೆ."

"ಯಾವ ಕಾಯಿಲೆ ನಂಗೆ?"

"ಕ್ಷಯ. ಒಂದೊಂದು ದಿನ ನದಿಗೆ ಬಿದ್ದೆ ಅಂತಾನೆ."

"ಯಾವುದೋ ಒಂದು ಅಂತ ತೀರ್ಮಾನ ಮಾಡೋಕೂ ಆಗ್ಲಿಲ್ವಾ ಅವನ ಕೈಲಿ!"

ಒದೆತ್ ನಕ್ಕಳು. ಝುಲ್ಮೀರಾ ನಗಲಿಲ್ಲ. ಹೋದ ತಿಂಗಳು ವಿದೇಶಿ ಹೆಂಗಸೊಬ್ಬಳು ಗುಂಡಿ ಹಾಕಿಸಿಕೊಳ್ಳಲು ಬಂದಿದ್ದಳು. ಬಾಗಿಲ ಮೇಲಿನ ಹೆಸರು ಓದಿ, ಕಣ್ಣಲ್ಲಿ ನೀರು ತಂದುಕೊಂಡು, ಏನೂ ಹೇಳದೆ ಇವಳ ಭುಜ ಸವರಿ ಹೋಗಿದ್ದಳು. ಸತ್ತವಳ ಹೆಸರು ಇಟ್ಟುಕೊಂಡವಳು ಎಂದುಕೊಂಡಿರಬೇಕು. ಇನ್ನು ಈ ಬಾಗಿಲಲ್ಲಿ ಯಾರು ನಿಂತು ನೋಡಿದರೂ ಇವಳಿಗೆ ಆ ಅನುಮಾನ ತಪ್ಪಿದ್ದಲ್ಲ. ಇಲ್ಲೇ ಇದ್ದಳು, ಒಂದೇ ಬೀದಿಯಲ್ಲಿ, ಅರವತ್ತಮೂರು ವರ್ಷ. ಅವನ ಬಾಯಿಂದ ಮಾತ್ರ ಸಂಜೆ ಸಂಜೆ ಸಾಯಬೇಕಿತ್ತು.

ದಾರಗಳ ಖಾನೆ ಎಳೆದು ಕೆಂಪು ಉಂಡೆ ತೆಗೆದಳು.

"ಏನ್ ಮಾಡ್ತಿದ್ದೀಯೇ?" ಎಂದಳು ಒದೆತ್.

"ಗಟ್ಟಿ ಮಾಡ್ತಿದ್ದೀನಿ."

ಆರಕ್ಕೆ ಐದು ನಿಮಿಷವಿತ್ತು. ಝುಲ್ಮೀರಾ ಮಡಿಚಿ ಕೊಟ್ಟ ಹೊದಿಕೆಯನ್ನು ಅಬೀಲಿಯೊ ಬಿಚ್ಚಿಯೂ ನೋಡದೆ ಹೆಗಲಿಗೆಸೆದುಕೊಂಡು ವೇದಿಕೆ ಹತ್ತಿದ. ಅವಳು ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಳು. ಸಭಾಂಗಣದ ತುಂಬ ಪ್ರವಾಸಿಗಳು. ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನ ಗಡಿಯಾರದ ಗೋಪುರ, ಸಂಜೆ ಫಾಡೊ ಎಂದು ಕೈಯಲ್ಲಿದ್ದ ಕಾಗದದಲ್ಲಿ ಗುರುತು ಹಾಕಿಕೊಂಡು ಬಂದವರು. ಈ ಊರಿನಲ್ಲಿ ಹಾಡಿಗೆ ಚಪ್ಪಾಳೆ ತಟ್ಟಬಾರದು, ಮೆಚ್ಚಿದರೆ ಕೆಮ್ಮಬೇಕು ಎಂದು ಅಬೀಲಿಯೊ ಅವರಿಂದ ಎರಡು ಸಲ ಕೆಮ್ಮಿಸಿ ಅಭ್ಯಾಸ ಮಾಡಿಸಿದ. ಅವರು ಶಾಲೆಯ ಮಕ್ಕಳಂತೆ ಖುಷಿಯಾಗಿ ಕೆಮ್ಮಿದರು.

ಮೊದಲ ಹಾಡಾಯಿತು. ಮೇಲಿನ ಸ್ವರಕ್ಕೆ ಏರಬೇಕಾದಲ್ಲೆಲ್ಲ ಅವನು ಕಣ್ಣು ಮುಚ್ಚಿ ದುಃಖ ನಟಿಸಿದ. ಪಕ್ಕದಲ್ಲಿ ಗಿಟಾರ್ ಹಿಡಿದಿದ್ದ ಮುದುಕ ಒರಾಸಿಯೊ ಅವನ ತಪ್ಪುಗಳ ಮೇಲೆ ತಂತಿ ಮೀಟಿ ಮುಚ್ಚಿಕೊಂಡು ಹೋದ.

ಆಮೇಲೆ ಅಬೀಲಿಯೊ ದನಿ ತಗ್ಗಿಸಿದ. "ಅವಳ ಹೆಸರು ಝುಲ್ಮೀರಾ. ಇಪ್ಪತ್ತೆರಡು ವರ್ಷ. ಒಂದು ಚಳಿಗಾಲ, ಜ್ವರ, ಕೆಮ್ಮು..." ಇವತ್ತು ಕ್ಷಯ. "ಅವಳು ಬಿಟ್ಟುಹೋದದ್ದು ಇದೊಂದೇ. ನೋಡಿ." ಬೆನ್ನು ತಿರುಗಿಸಿ ಎರಡೂ ಕೈಗಳಿಂದ ಹೊದಿಕೆಯನ್ನು ಹರಡಿದ.

ಬಟ್ಟೆಯ ನಡುವೆ ಗೇಣುದ್ದ, ದಪ್ಪ ಕೆಂಪು ಹೊಲಿಗೆ ನೆಟ್ಟಗೆ ನಿಂತಿತ್ತು.

ಅವನು ತಲೆ ತಗ್ಗಿಸಿ, ಹೆಂಗಸರು ಕರವಸ್ತ್ರ ತೆಗೆಯುವಷ್ಟು ಹೊತ್ತು ಕಾದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು, ಎವೊರಾ ಊರಿನಿಂದ ಬಂದಿದ್ದ ಟೀಚರ್, ಕನ್ನಡಕ ಸರಿಮಾಡಿಕೊಂಡಳು.

"ಹರಕು ಎಲ್ಲಿದೆ? ಹೊಲಿದುಬಿಟ್ಟಿದ್ದಾರಲ್ಲ?"

ಅಬೀಲಿಯೊ ಕುತ್ತಿಗೆ ತಿರುಚಿದ. ಅವನಿಗೆ ಕಾಣಲಿಲ್ಲ. ಅಂಚನ್ನು ಮುಂದಕ್ಕೆ ಎಳೆದುಕೊಂಡು ನೋಡಿದ.

"ಹೊಲಿದರೆ ಏನರ್ಥ?" ಎಂದು ಟೀಚರ್ ಒರಾಸಿಯೊನನ್ನು ಕೇಳಿದಳು.

ಒರಾಸಿಯೊ ಅವಸರವಿಲ್ಲದೆ ಒಂದು ತಂತಿ ಬಿಗಿದ. "ಸಂಬಂಧ ಮುರೀತು ಅಂತಮ್ಮ. ಸತ್ತವರದನ್ನ ಹೊಲಿಯೋ ಪದ್ಧತಿ ನಮ್ಮಲ್ಲಿಲ್ಲ."

"ಹಾಗಾದ್ರೆ ಆ ಹುಡುಗಿ..."

"ಹಾಡಿ ವಕೀಲರೇ," ಎಂದ ಒರಾಸಿಯೊ. "ಹೊತ್ತಾಗ್ತಿದೆ."

ಅಬೀಲಿಯೊನ ಕಣ್ಣು ಸಾಲುಗಳನ್ನು ದಾಟಿ ಕಂಬದ ಹತ್ತಿರ ಬಂದು, ಅಲ್ಲಿ ನಿಲ್ಲದೆ ಬಾಗಿಲಿನ ಕಡೆ ಹೋಯಿತು. ಬಾಗಿಲಲ್ಲಿ ಒದೆತ್ ಪೊರಕೆ ಹಿಡಿದು ನಿಂತಿದ್ದಳು. ಅವನು ಹಾಡಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಒರಾಸಿಯೊ ಅದನ್ನು ಮುಚ್ಚಲು ಹೋಗಲಿಲ್ಲ.

ಹಾಡು ಮುಗಿದಾಗ ಪ್ರವಾಸಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಿಸಿದ್ದು ನೆನಪಾಗಿ ನಾಲ್ಕಾರು ಜನ ಕೆಮ್ಮಿದರು.

ಝುಲ್ಮೀರಾಳ ತುಟಿಗೆ ಏನೋ ಅಂಟಿದಂತಾಯಿತು. ಮುಟ್ಟಿ ನೋಡಿದಳು. ಹೊಲಿಗೆಯ ಕೊನೆಯಲ್ಲಿ ಕಚ್ಚಿ ತುಂಡರಿಸಿದ್ದ ಕೆಂಪು ದಾರದ ಎಳೆ. ಅದನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು, ಎದ್ದವರಿಗೆ ದಾರಿ ಬಿಡಲು ಕಾಲು ಒಳಗೆಳೆದುಕೊಂಡು ಕೂತಳು.